ಟಾರ್ಚಿಗೆ ಯಾವ ಸೆಲ್, ಯಾವ ಚಾರ್ಜರ್? ಮಳೆಗಾಲಕ್ಕೆ ಮುಂಚೆ ತಗೊಳ್ಳಬೇಕು

ಅಡಿಕೆತೋಟ_ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ನಮ್ಮದು. ಬೇಸಿಗೆಯಲ್ಲಿ ತ್ರೀ ಫೇಸ್ ಯಾವಾಗ ಕೊಡುತ್ತಾರೋ ಆಗ ಮೋಟಾರ್ ಹಾಕಲು ಹೋಗಬೇಕು, ಅದು ಹೆಚ್ಚಾಗಿ ರಾತ್ರಿಯೇ. ಮಳೆಗಾಲ ಬಂತೆಂದರೆ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಹಾಗಾಗಿ ಟಾರ್ಚ್ ನಮಗೆ ಶೋಕಿಯ ವಸ್ತು ಅಲ್ಲ.

ಈಗ ಎರಡು ಟಾರ್ಚ್ ಇವೆ. ಒಂದು ಸೋಫಿರ್ನ್ ಎಸ್‌ಸಿ31 ಪ್ರೊ. ಇದಕ್ಕೆ 3000 ಎಂಎಎಚ್ ಸೆಲ್ ಜೊತೆಗೇ ಬಂದಿತ್ತು, ಟಾರ್ಚಿನಲ್ಲೇ ಯುಎಸ್‌ಬಿ-ಸಿ ಚಾರ್ಜಿಂಗ್ ಇದೆ. ಇನ್ನೊಂದು ದುಬೈಯಲ್ಲಿರುವ ಭಾವ ತಂದುಕೊಟ್ಟ ಎಮಿಸಾರ್ ಡಿ4ವಿ2. ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದು, ಅಷ್ಟು ಚಿಕ್ಕದು. ಸೆಲ್ ಬಂದಿಲ್ಲ. ಎರಡಕ್ಕೂ ಬೇಕಾದದ್ದು 18650.

ಆನ್‌ಲೈನ್‌ನಲ್ಲಿ ನೋಡಿದರೆ 9900 ಎಂಎಎಚ್ ಸೆಲ್ ನೂರೈವತ್ತು ರೂಪಾಯಿಗೆ ಸಿಗುತ್ತದೆ. 3000 ಎಂಎಎಚ್ ಇರುವುದಕ್ಕೆ ಐನೂರರ ಮೇಲೆ ಕೇಳುತ್ತಾರೆ. ಇದು ಯಾವ ಲೆಕ್ಕ ಮಾರಾಯ್ರೆ? ಮತ್ತೆ, ಟಾರ್ಚಿನಲ್ಲೇ ಚಾರ್ಜಿಂಗ್ ಇರುವಾಗ ಬೇರೆ ಚಾರ್ಜರ್ ಬೇಕಾ?

ಬೆಳಕಿನಹುಚ್ಚ

9900 ಅಂತ ಬರೆದ ಸೆಲ್ ಕಡೆ ತಿರುಗಿಯೂ ನೋಡಬೇಡಿ. 18650 ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡಗಿನ ಆಕಾರಕ್ಕೆ. ಅಷ್ಟು ಜಾಗದಲ್ಲಿ ಪ್ಯಾನಸೋನಿಕ್, ಸ್ಯಾಮ್‌ಸಂಗ್, ಎಲ್‌ಜಿಯಂಥವರಿಗೇ ಬಹಳ ಕಾಲ 3500 ಆಸುಪಾಸು ದಾಟಲು ಆಗಲಿಲ್ಲ. ಈಚೆಗೆ 4000 ತಲುಪಿದ ಕೆಲವು ಬಂದಿವೆ. 9900 ಎಲ್ಲಿಂದ ಬರುತ್ತದೆ? ಸ್ಟಿಕರ್ ಅಚ್ಚು ಹಾಕುವ ಅಂಗಡಿಯಿಂದ.

ಸುಲಭದ ಪರೀಕ್ಷೆ ಅಂದರೆ ತೂಕ. ಒಳ್ಳೆಯ 18650 ಸುಮಾರು 45ರಿಂದ 50 ಗ್ರಾಂ ತೂಗುತ್ತದೆ. ನಕಲಿ ಹೆಚ್ಚಾಗಿ ಅದಕ್ಕಿಂತ ಎಷ್ಟೋ ಹಗುರ. ಕೆಲವದರ ಒಳಗೆ ಚಿಕ್ಕ ಸೆಲ್ ಒಂದನ್ನು ಇಟ್ಟು, ಸುತ್ತ ಹಿಟ್ಟಿನಂಥ ಪುಡಿ ತುಂಬಿರುತ್ತಾರೆ. ಹಾಗಂತ ನೀವು ಬಿಚ್ಚಲು ಹೋಗಬೇಡಿ, ಒಳಗೆ ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ.

ಪಾಲಿಟೆಕ್ನಿಕ್_ಮೇಷ್ಟ್ರು

ಎಂಎಎಚ್ ಮಾತ್ರ ನೋಡಿ ಸೆಲ್ ಆರಿಸುವುದೇ ಮೊದಲ ತೊಂದರೆ. ನಿಮ್ಮ ಎರಡು ಟಾರ್ಚ್‌ಗಳ ಅಳತೆ ಒಂದೇ, ಹಸಿವು ಬೇರೆ ಬೇರೆ.

ತೋಟದ ಭಾಷೆಯಲ್ಲೇ ಹೇಳುತ್ತೇನೆ. ಎಂಎಎಚ್ ಅಂದರೆ ಟ್ಯಾಂಕಿನಲ್ಲಿ ಎಷ್ಟು ನೀರು ಹಿಡಿಯುತ್ತದೆ ಅಂತ. ಸೆಲ್ ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನುವುದು ಪೈಪಿನ ದಪ್ಪ. ಟ್ಯಾಂಕ್ ದೊಡ್ಡದಿದ್ದು ಪೈಪ್ ಸಣ್ಣದಿದ್ದರೆ ಒಂದೇ ಸಲಕ್ಕೆ ಜಾಸ್ತಿ ನೀರು ಬರುವುದಿಲ್ಲ. ಡಿ4ವಿ2ನಲ್ಲಿ ನಾಲ್ಕು ಎಲ್‌ಇಡಿ ಇವೆ. ಟರ್ಬೋ, ಅಂದರೆ ಅತಿ ಹೆಚ್ಚಿನ ಬೆಳಕು, ಹಾಕಿದರೆ ಎಲ್‌ಇಡಿ ಯಾವುದು ಅನ್ನುವುದರ ಮೇಲೆ 15ರಿಂದ 20 ಆಂಪಿಯರ್ ಕೂಡ ಎಳೆಯಬಹುದು. ಸ್ಯಾಮ್‌ಸಂಗ್ 35ಇ 3500 ಎಂಎಎಚ್ ಇದ್ದರೂ ಅದರ ಮಿತಿ 8 ಆಂಪಿಯರ್. ಅದನ್ನು ಇದಕ್ಕೆ ಹಾಕಿದರೆ ಸೆಲ್ಲಿನ ವೋಲ್ಟೇಜ್ ಕುಸಿಯುತ್ತದೆ, ಬೆಳಕೂ ಪೂರ್ತಿ ಬರುವುದಿಲ್ಲ, ಸೆಲ್ ಕಾದು ಬೇಗ ಮುದಿಯಾಗುತ್ತದೆ. ಇದಕ್ಕೆ ಹೈ ಡ್ರೈನ್, ಅಂದರೆ ಜಾಸ್ತಿ ಆಂಪಿಯರ್ ಕೊಡಬಲ್ಲ ಸೆಲ್ ಬೇಕು. ಸ್ಯಾಮ್‌ಸಂಗ್ 30ಕ್ಯೂ, ಅಂದರೆ 3000 ಎಂಎಎಚ್, 15 ಆಂಪಿಯರ್. ಅಥವಾ ಮೋಲಿಸೆಲ್ ಪಿ28ಎ, 2800 ಎಂಎಎಚ್ ಮಾತ್ರ, ಆದರೆ ಡೇಟಾಶೀಟಿನ ಪ್ರಕಾರ 35 ಆಂಪಿಯರ್ ವರೆಗೆ ಕೊಡುತ್ತದೆ. ಕಡಿಮೆ ಎಂಎಎಚ್ ಇರುವುದಕ್ಕೆ ಜಾಸ್ತಿ ದುಡ್ಡು ಯಾಕೆ ಅಂತ ಕೇಳಿದ್ದಿರಲ್ಲ, ಇದಕ್ಕೇ.

ಎಸ್‌ಸಿ31 ಪ್ರೊಗೆ ಒಂದೇ ಎಲ್‌ಇಡಿ. ಅಷ್ಟು ಎಳೆಯುವುದಿಲ್ಲ. ಆದರೂ ಎರಡು ಟಾರ್ಚಿಗೂ ಒಂದೇ ಜಾತಿಯ ಸೆಲ್ ಇಟ್ಟುಕೊಳ್ಳಿ. ಕತ್ತಲೆಯಲ್ಲಿ ಯಾವುದು ಯಾವುದರದ್ದು ಅಂತ ಹುಡುಕುವ ಗೋಜು ಬೇಡ.

ಪ್ರೊಟೆಕ್ಟೆಡ್ ಸೆಲ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಮೊದಲೇ ಬರೆದುಬಿಡುತ್ತೇನೆ. ಅದರ ಕೆಳತುದಿಯಲ್ಲಿ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ವೋಲ್ಟೇಜ್ ತೀರಾ ಇಳಿದರೆ, ತೀರಾ ಏರಿದರೆ, ಅಥವಾ ಕರೆಂಟ್ ಮಿತಿ ಮೀರಿದರೆ ಕಟ್ ಮಾಡುತ್ತದೆ. ಒಳ್ಳೆಯದೇ. ಆದರೆ ಉದ್ದ ಮೂರ್ನಾಲ್ಕು ಮಿಲಿಮೀಟರ್ ಹೆಚ್ಚಾಗಿ 68, 69ಕ್ಕೆ ಹೋಗುತ್ತದೆ, ಬಟನ್ ಟಾಪ್, ಅಂದರೆ ಪ್ಲಸ್ ತುದಿಯ ಉಬ್ಬಿದ ಗುಂಡಿ, ಸೇರಿದರೆ ಇನ್ನೂ ಸ್ವಲ್ಪ. ಡಿ4ವಿ2 ಮಾಡುವವರೇ ಪ್ರೊಟೆಕ್ಷನ್ ಇಲ್ಲದ ಹೈ ಡ್ರೈನ್ ಸೆಲ್ ಹಾಕಿ ಅನ್ನುತ್ತಾರೆ. ಟರ್ಬೋ ಒತ್ತಿದ ಕೂಡಲೇ ಪ್ರೊಟೆಕ್ಷನ್ ಕಟ್ ಮಾಡಿದರೆ ಹಂದಿ ಎದುರು ಕತ್ತಲೆಯಲ್ಲಿ ನಿಲ್ಲಬೇಕಾಗುತ್ತದೆ.

ಅಡಿಕೆತೋಟ_ತೀರ್ಥಹಳ್ಳಿ

ಮೇಷ್ಟ್ರೇ, ಈಗ ತಲೆಗೆ ಹೋಯಿತು. ಮನೆಯಲ್ಲಿ ಏಲಕ್ಕಿ ತೂಗುವ ಡಿಜಿಟಲ್ ತಕ್ಕಡಿ ಇದೆ. ಸೋಫಿರ್ನ್ ಜೊತೆ ಬಂದ ಸೆಲ್ ಇಟ್ಟೆ, 46 ಗ್ರಾಂ. ಪಕ್ಕದ ಮನೆಯವರ ತಲೆಗೆ ಕಟ್ಟುವ ಲೈಟಿನ ಸೆಲ್ ಇಟ್ಟೆ, 31 ಗ್ರಾಂ. ಅದರ ಮೇಲೆ 8800 ಎಂಎಎಚ್ ಅಂತ ದಪ್ಪ ಅಕ್ಷರದಲ್ಲಿ ಇದೆ! ಅವರಿಗೆ ಹೇಳಿದರೆ ನಂಬುತ್ತಿಲ್ಲ, ಚೆನ್ನಾಗಿಯೇ ಉರಿಯುತ್ತದೆ ಅನ್ನುತ್ತಾರೆ.

ಪ್ರೊಟೆಕ್ಷನ್ ಇಲ್ಲದ ಸೆಲ್ ಅಂದರೆ ಪೂರ್ತಿ ಖಾಲಿಯಾಗಿ ಹಾಳಾಗುವುದಿಲ್ವಾ?

ಬೆಳಕಿನಹುಚ್ಚ

ನಿಮ್ಮ ಎರಡೂ ಟಾರ್ಚಿನಲ್ಲಿ ಇರುವುದು ಆಂಡುರಿಲ್ ಸಾಫ್ಟ್‌ವೇರ್. ವೋಲ್ಟೇಜ್ ಇಳಿದ ಹಾಗೆ ಅದೇ ಬೆಳಕು ತಗ್ಗಿಸುತ್ತಾ ಬಂದು ಕೊನೆಗೆ ಆರಿಸುತ್ತದೆ. ಟಾರ್ಚ್ ಆಫ್ ಇರುವಾಗ ಮೂರು ಸಲ ಬೇಗಬೇಗ ಒತ್ತಿ. ಮಿಣುಕಿ ವೋಲ್ಟೇಜ್ ಹೇಳುತ್ತದೆ. ನಾಲ್ಕು ಮಿಣುಕು, ಒಂದು ಬಿಡುವು, ಮತ್ತೆ ಒಂದು ಮಿಣುಕು ಅಂದರೆ 4.1 ವೋಲ್ಟ್. 4.2 ಪೂರ್ತಿ ಚಾರ್ಜ್. 3.3 ಹತ್ತಿರ ಬಂದರೆ ಮನೆ ಕಡೆ ಹೊರಡಿ ಅಂತ ಅರ್ಥ.

ಇನ್ನೊಂದು ವಿಷಯ. ಆಫ್ ಇದ್ದಾಗ ನಾಲ್ಕು ಸಲ ಒತ್ತಿದರೆ ಲಾಕ್ ಆಗುತ್ತದೆ. ಡಿ4ವಿ2 ಅನ್ನು ಲಾಕ್ ಮಾಡದೆ ಪ್ಯಾಂಟ್ ಜೇಬಿಗೆ ಹಾಕಲೇಬೇಡಿ. ಒಳಗೆ ಒತ್ತಿಕೊಂಡು ಹತ್ತಿದರೆ ಬಟ್ಟೆ ಸುಡುವಷ್ಟು ಬಿಸಿ ಆಗುತ್ತದೆ. ಹಿಂದಿನ ಕ್ಯಾಪ್ ಕಾಲು ಸುತ್ತು ಸಡಿಲ ಮಾಡಿದರೂ ಆಯಿತು. ತಿಂಗಳುಗಟ್ಟಲೆ ಇಡುವಾಗ ಅದೇ ಒಳ್ಳೆಯದು, ಸ್ವಿಚ್ಚಿನ ಎಲೆಕ್ಟ್ರಾನಿಕ್ಸ್ ಕುಡಿಯುವ ಚೂರುಪಾರು ಕರೆಂಟೂ ನಿಲ್ಲುತ್ತದೆ.

ಗಣಕಯಂತ್ರ_ಗುರು

ಚಾರ್ಜರ್‌ಗೆ ಸುಮ್ನೆ ಯಾಕೆ ದುಡ್ಡು ದಂಡ? ಟಾರ್ಚಿನಲ್ಲಿ ಯುಎಸ್‌ಬಿ ಇದೆ. ಡಿ4ವಿ2ಗೆ ಹಾಕುವ ಸೆಲ್ಲನ್ನೂ ಸೋಫಿರ್ನ್‌ನಲ್ಲೇ ಹಾಕಿ ಚಾರ್ಜ್ ಮಾಡಬಹುದು. ಫೋನ್ ಚಾರ್ಜರ್ ಹೇಗೂ ಮನೆಯಲ್ಲಿ ಇರುತ್ತದೆ. ನಾನು ಹಾಗೇ ಮಾಡುತ್ತೇನೆ, ಏನೂ ತೊಂದರೆ ಇಲ್ಲ.

ಪಾಲಿಟೆಕ್ನಿಕ್_ಮೇಷ್ಟ್ರು

ಒಂದೇ ಟಾರ್ಚ್, ಒಂದೇ ಸೆಲ್ ಇದ್ದವರಿಗೆ ನಿಮ್ಮ ಮಾತು ಸರಿ. ಇವರ ಪರಿಸ್ಥಿತಿ ಬೇರೆ. ಒಂದು ಗಂಟೆ ಕರೆಂಟ್ ಬಂದು ಹೋಗುವ ಊರಲ್ಲಿ, ಒಂದು ಟಾರ್ಚ್ ಗೋಡೆಗೆ ಸಿಕ್ಕಿಸಿಟ್ಟು ಇನ್ನೊಂದು ಸೆಲ್ ತನ್ನ ಸರದಿ ಕಾಯುತ್ತಾ ಕೂತರೆ ಹೇಗೆ? ಯುಎಸ್‌ಬಿ ಕಿಂಡಿಯ ರಬ್ಬರ್ ಮುಚ್ಚಳ ಪದೇಪದೇ ತೆಗೆದು ಹಾಕಿ ಸಡಿಲವಾದರೆ ಮಲೆನಾಡಿನ ಮಳೆಗೆ ನೀರು ಒಳಗೆ ಹೋಗುವುದು ಗ್ಯಾರಂಟಿ.

ಒಳ್ಳೆಯ ಚಾರ್ಜರ್ ಮಾಡುವ ಕೆಲಸ ಇಷ್ಟೇ. ಮೊದಲು ಒಂದೇ ಸಮನೆ ಕರೆಂಟ್ ಕೊಡುತ್ತದೆ. ಸೆಲ್ 4.2 ವೋಲ್ಟ್ ಮುಟ್ಟಿದ ಮೇಲೆ ಅಲ್ಲೇ ಹಿಡಿದು ಕರೆಂಟನ್ನು ನಿಧಾನವಾಗಿ ಇಳಿಸುತ್ತದೆ. ಆಮೇಲೆ ಪೂರ್ತಿ ನಿಲ್ಲಿಸುತ್ತದೆ. ಆ ನಿಲ್ಲಿಸುವುದರಲ್ಲೇ ಇರುವುದು ಎಲ್ಲ. ಸೆಲ್ ಜೊತೆ ಪುಕ್ಕಟೆ ಬರುವ, ಕೆಂಪು ಹಸಿರು ದೀಪದ ಹಗುರ ಚಾರ್ಜರ್‌ಗಳಲ್ಲಿ ಎಷ್ಟೋ 4.2 ದಾಟಿ ಹೋಗುತ್ತವೆ, ಇಲ್ಲವೇ ಹಸಿರು ಹತ್ತಿದ ಮೇಲೂ ತೊಟ್ಟಿಕ್ಕಿಸುತ್ತಲೇ ಇರುತ್ತವೆ. 18650ಯಂಥ ಲಿಥಿಯಂ ಅಯಾನ್ ಸೆಲ್ಲಿಗೆ ಅದು ಆಗಿಬರುವುದಿಲ್ಲ.

ನಿಮ್ಮ ಹತ್ತಿರ ಇರುವ ಚಾರ್ಜರ್ ಹೇಗಿದೆ ಅಂತ ತಿಳಿಯಲು ಮಲ್ಟಿಮೀಟರ್ ಸಾಕು, ಎಲೆಕ್ಟ್ರಿಕಲ್ ಅಂಗಡಿಯ ಹಳದಿ ಡಿಟಿ-830 ಆದರೂ ನಡೆಯುತ್ತದೆ. 20 ವೋಲ್ಟ್ ಡಿಸಿಗೆ ತಿರುಗಿಸಿ, ಚಾರ್ಜ್ ಮುಗಿದ ಸೆಲ್ ತೆಗೆದ ಕೂಡಲೇ ಕೆಂಪು ಮುಳ್ಳು ಪ್ಲಸ್‌ಗೆ, ಕಪ್ಪು ಮುಳ್ಳು ತಳಕ್ಕೆ. 4.15ರಿಂದ 4.20 ಬಂದರೆ ಸರಿ. 4.25 ದಾಟಿದರೆ ಆ ಚಾರ್ಜರ್ ಮೂಲೆಗೆ. ಮುಳ್ಳುಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ.

ಗಣಕಯಂತ್ರ_ಗುರು

ಆಯ್ತು ಸರ್, ಕರೆಂಟ್ ವಿಷಯ ಒಪ್ಪಿದೆ. ಬೆಂಗಳೂರಲ್ಲಿ ಕೂತವನಿಗೆ ಅದು ಹೊಳೆಯಲಿಲ್ಲ. ಹಾಗಾದರೆ ಯಾವ ಚಾರ್ಜರ್ ಅಂತ ಹೆಸರು ಹೇಳಿ.

ಎಸ್‌ಪಿ_ರೋಡ್_ಗಿರಾಕಿ

ಹೆಸರು ನಾನು ಹೇಳುತ್ತೇನೆ. ಹಳ್ಳಿಗೆ ನನ್ನ ಮೊದಲ ಆಯ್ಕೆ ಯುಎಸ್‌ಬಿಯಿಂದ ನಡೆಯುವ ಚಾರ್ಜರ್. ಎಕ್ಸ್‌ಟಾರ್ ವಿಸಿ2 ಆದರೆ ಎರಡು ಸೆಲ್, ವಿಸಿ4ಎಸ್‌ಎಲ್ ಆದರೆ ನಾಲ್ಕು. ಕರೆಂಟ್ ಇಲ್ಲದಾಗ ಪವರ್ ಬ್ಯಾಂಕ್, ಜೀಪು, ಐದು ವೋಲ್ಟಿನ ಸೋಲಾರ್ ಪ್ಯಾನೆಲ್, ಯಾವುದಕ್ಕೆ ಸಿಕ್ಕಿಸಿದರೂ ನಡೆಯುತ್ತದೆ. ವಿಸಿ2 ಬರೀ ಲಿಥಿಯಂ ಅಯಾನ್‌ಗೆ. ಗಡಿಯಾರ, ರಿಮೋಟಿಗೆ ಹಾಕುವ ರೀಚಾರ್ಜೆಬಲ್ ಎಎ ಸೆಲ್‌ಗಳೂ ಮನೆಯಲ್ಲಿ ಇದ್ದರೆ ವಿಸಿ4ಎಸ್‌ಎಲ್ ತಗೊಳ್ಳಿ, ಅದು ಎರಡೂ ಮಾಡುತ್ತದೆ.

ಇನ್ನೊಂದು ಲೀಟೋಕಾಲಾ ಲೀ-500. ಇದರ ಅಡಾಪ್ಟರ್ 12 ವೋಲ್ಟಿನದು. 300, 500, 700, 1000 ಮಿಲಿಆಂಪಿಯರ್ ಅಂತ ನಾವೇ ಆರಿಸಬಹುದು. ಮುಖ್ಯವಾಗಿ ಸೆಲ್ಲಿನ ನಿಜವಾದ ಎಂಎಎಚ್ ಅಳೆದು ತೋರಿಸುತ್ತದೆ. ಪಕ್ಕದ ಮನೆಯವರ 8800 ಸೆಲ್ಲನ್ನು ಇದರಲ್ಲಿ ಟೆಸ್ಟಿಗೆ ಹಾಕಿ ಪರದೆ ತೋರಿಸಿ, ಆಮೇಲೆ ಅವರೇ ನಂಬುತ್ತಾರೆ. ಪರದೆಯಲ್ಲಿ ಬರುವ ಇಂಟರ್ನಲ್ ರೆಸಿಸ್ಟೆನ್ಸ್ ಅಂಕಿಯನ್ನು ಮಾತ್ರ ತಲೆಗೆ ಹಚ್ಚಿಕೊಳ್ಳಬೇಡಿ. ಅದೇ ಸೆಲ್ಲನ್ನು ತೆಗೆದು ಹಾಕಿದರೆ ಬೇರೆ ಅಂಕಿ ಬರುತ್ತದೆ.

3000 ಎಂಎಎಚ್ ಸೆಲ್ಲಿಗೆ 1 ಆಂಪಿಯರ್ ಹದವಾದ ವೇಗ. ಮೂರೂವರೆ ಗಂಟೆ ಹಿಡಿಯುತ್ತದೆ. ಅವಸರ ಇದ್ದರೆ ಒಂದೂವರೆ ಆಂಪಿಯರ್. ಅದಕ್ಕಿಂತ ಜಾಸ್ತಿ ಬೇಡ. 14500, 16340ಯಂಥ ಪುಟ್ಟ ಸೆಲ್‌ಗಳಿಗೆ ಕಾಲು ಆಂಪಿಯರ್ ಸುತ್ತಮುತ್ತ ಸಾಕು.

ಇನ್ನು ಸೆಲ್ ಎಲ್ಲಿ ಕೊಳ್ಳುವುದು? ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ, ಆದರೆ ಗೊತ್ತಿದ್ದವರ ಜೊತೆ ಹೋಗಿ. ಹಳೆ ಲ್ಯಾಪ್‌ಟಾಪ್ ಪ್ಯಾಕ್ ಒಡೆದು ಹೊಸ ಕವರ್ ಹಾಕಿದ ಸೆಲ್ಲೂ ಅಲ್ಲೇ ಪಕ್ಕದಲ್ಲಿ ಇರುತ್ತದೆ. ತಳದ ಮೇಲೆ ವೆಲ್ಡಿಂಗ್ ಚುಕ್ಕೆಗಳ ಗುರುತು ಇದ್ದರೆ ಅದು ಒಮ್ಮೆ ಬಾಳಿದ ಸೆಲ್. ನಮ್ಮ ದೇಶದಲ್ಲಿ ಲಿಥಿಯಂ ಸೆಲ್‌ಗಳಿಗೆ ಐಎಸ್ 16046 ಪ್ರಕಾರ ಬಿಐಎಸ್ ನೋಂದಣಿ ಕಡ್ಡಾಯ. ಪ್ಯಾಕಿನ ಮೇಲೆ ಆ ಗುರುತು, 'ಆರ್' ಇಂದ ಶುರುವಾಗುವ ಸಂಖ್ಯೆ ಇದೆಯಾ ನೋಡಿ. ಇದ್ದ ಮಾತ್ರಕ್ಕೆ ಅಸಲಿ ಅಂತ ಅಲ್ಲ. ಗುರುತೂ ಇಲ್ಲ, ಬಿಲ್ಲೂ ಇಲ್ಲ ಅಂದರೆ ಬಿಟ್ಟುಬಿಡಿ.

ಒಂದು ಎಚ್ಚರಿಕೆ. ಸೋಲಾರ್ ಬೀದಿದೀಪಗಳಿಂದ ಬರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳು ಈಗ ಎಲ್ಲ ಕಡೆ ಸಿಗುತ್ತವೆ. ಅವು 3.2 ವೋಲ್ಟಿನವು, ಪೂರ್ತಿ ಚಾರ್ಜ್ 3.65. ಹೆಚ್ಚಾಗಿ ದಪ್ಪನೆಯ 32650, ಆದರೆ 18650 ಅಳತೆಯಲ್ಲೂ ಇವೆ. ಅವನ್ನು 4.2ರ ಚಾರ್ಜರಿಗೆ ಹಾಕಬೇಡಿ.

ಕಪ್ಪೆಫೋಟೋ

ನಾನು ಮಳೆಗಾಲದಲ್ಲಿ ಆಗುಂಬೆ ಕಡೆ ರಾತ್ರಿ ಕಪ್ಪೆ ಫೋಟೋ ತೆಗೆಯಲು ಹೋಗುವವಳು. ಅಲ್ಲಿ ದೊಡ್ಡ ಬೆಳಕಿಗಿಂತ ತಾಸುಗಟ್ಟಲೆ ಬಾಳುವ ಸಣ್ಣ ಬೆಳಕು ಮುಖ್ಯ. ನನ್ನ ಓಟು ಎಎ ಟಾರ್ಚಿಗೆ, ಎನೆಲೂಪ್ ಅನ್ನುವ ರೀಚಾರ್ಜೆಬಲ್ ಸೆಲ್ಲಿಗೆ. ಸಾಮಾನ್ಯ ಎನೆಲೂಪ್ ಎಎ 2000 ಎಂಎಎಚ್ ಆಸುಪಾಸು, 1.2 ವೋಲ್ಟ್. ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟರೂ ಚಾರ್ಜ್ ಉಳಿಯುತ್ತದೆ. ಎನೆಲೂಪ್ ಪ್ರೊ 2500 ಅಂತ ಆಸೆ ಹುಟ್ಟಿಸುತ್ತದೆ, ಆದರೆ ಎಷ್ಟು ಸಲ ಚಾರ್ಜ್ ಮಾಡಬಹುದು ಅನ್ನುವುದರಲ್ಲಿ ಸಾಮಾನ್ಯದ್ದೇ ಎಷ್ಟೋ ಮುಂದೆ. ಮನೆಯಲ್ಲಿ ಅಮ್ಮನಿಗೆ, ಮಕ್ಕಳಿಗೆ ಕೊಡುವ ಟಾರ್ಚ್ ಇದೇ ಇರಲಿ. ಲಿಥಿಯಂ ಅಯಾನ್ ಎಲ್ಲರ ಕೈಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಅಂಗಡಿಯ ಆಲ್ಕಲೈನ್ ಸೆಲ್ ಟಾರ್ಚಿನಲ್ಲೇ ಬಿಟ್ಟರೆ ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ ಕಟ್ಟುತ್ತದೆ. ಸ್ವಲ್ಪ ನಿಂಬೆರಸ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಣಗಿಸಿದರೆ ಹೆಚ್ಚಾಗಿ ಬದುಕುತ್ತದೆ.

ಬೆಳಕಿನಹುಚ್ಚ

ಎಎ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. 14500 ಸೆಲ್ ನೋಡಲು ಥೇಟ್ ಎಎ. ಆದರೆ ಅದು 4.2 ವೋಲ್ಟ್. ಎಎಗೆ ಮಾತ್ರ ಮಾಡಿದ ಟಾರ್ಚಿಗೆ ಹಾಕಿದರೆ ಸರ್ಕ್ಯೂಟ್ ಸುಟ್ಟುಹೋಗಬಹುದು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ.

ಕುವೈತ್_ಕನ್ನಡಿಗ

ಭಾವನ ಕೈಲಿ ಸೆಲ್ಲೂ ತರಿಸಬಹುದಲ್ವಾ? ಗಲ್ಫಿನಿಂದ ತರುವವರಿಗೆ ಹೇಳಿ: ಬಿಡಿ ಲಿಥಿಯಂ ಸೆಲ್ ಕೈಚೀಲದಲ್ಲೇ ಬರಬೇಕು, ಲಗೇಜಿಗೆ ಹಾಕುವ ಹಾಗಿಲ್ಲ. 100 ವಾಟ್ ಅವರ್ ಒಳಗಿನದಕ್ಕೆ ಸಾಮಾನ್ಯವಾಗಿ ವಿಮಾನ ಕಂಪನಿಯ ಒಪ್ಪಿಗೆ ಬೇಕಿಲ್ಲ. 3000 ಎಂಎಎಚ್ ಸೆಲ್ ಅಂದರೆ 3.6 ವೋಲ್ಟ್ ಇಂಟು 3 ಆಂಪಿಯರ್ ಅವರ್, ಬರೀ 10.8 ವಾಟ್ ಅವರ್. ಪ್ರತಿ ಸೆಲ್ಲೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇರಲಿ. ಎಷ್ಟು ಸೆಲ್ ತರಬಹುದು ಅಂತ ಮಾತ್ರ ಆಯಾ ಕಂಪನಿಯವರನ್ನೇ ಕೇಳಿಕೊಳ್ಳಲಿ.

ಅಡಿಕೆತೋಟ_ತೀರ್ಥಹಳ್ಳಿ

ಭಾವ ಜೂನ್‌ನಲ್ಲಿ ಬರುತ್ತಾರೆ, ಹೇಳಿದ್ದೇನೆ. ಮೋಲಿಸೆಲ್ ಪಿ28ಎ ನಾಲ್ಕು. ಚಾರ್ಜರ್ ವಿಸಿ4ಎಸ್‌ಎಲ್ ತರಿಸುತ್ತಿದ್ದೇನೆ, ಅಮ್ಮನ ಟಾರ್ಚಿಗೆ ಎನೆಲೂಪ್ ಕೂಡ ಅದರಲ್ಲೇ ಆಗುತ್ತದಲ್ಲ.

ಒಂದೆರಡು ಸಂಶಯ ಉಳಿದಿದೆ. ಸೋಫಿರ್ನನ್ನು ಮಗನ ಫೋನಿನ ಚಾರ್ಜರಿಗೆ ಹಾಕಿದರೆ ಚಾರ್ಜ್ ಆಗುವುದಿಲ್ಲ, ಹಳೆ ಚಾರ್ಜರಿಗೆ ಹಾಕಿದರೆ ಆಗುತ್ತದೆ. ಯಾಕೆ? ಇನ್ನೊಂದು, ಸೋಫಿರ್ನ್ ಸೆಲ್ಲಿನ ಪ್ಲಾಸ್ಟಿಕ್ ಕವರ್ ಮೇಲ್ಗಡೆ ಅಂಚಿನಲ್ಲಿ ಚೂರು ಹರಿದಿದೆ. ಟೇಪ್ ಸುತ್ತಿದರೆ ನಡೆಯುತ್ತದಾ?

ಪಾಲಿಟೆಕ್ನಿಕ್_ಮೇಷ್ಟ್ರು

ಮಗನ ಚಾರ್ಜರಿನ ಕೇಬಲ್ ಎರಡೂ ತುದಿಯಲ್ಲಿ ಸಿ ಇರಬೇಕು ಅಲ್ವಾ? ಹಾಗಿದ್ದರೆ ಕಾರಣ ಇದು. ಆ ಥರದ ಚಾರ್ಜರ್ ಎದುರುಗಡೆ ಯಾರಿದ್ದಾರೆ ಅಂತ ತಿಳಿದ ಮೇಲೆಯೇ ಕರೆಂಟ್ ಬಿಡುತ್ತದೆ. ಅದಕ್ಕೆ ಉತ್ತರ ಕೊಡಲು ಟಾರ್ಚಿನ ಕಿಂಡಿಯಲ್ಲಿ 5.1 ಕಿಲೋ ಓಮಿನ ಎರಡು ಪುಟ್ಟ ರೆಸಿಸ್ಟರ್ ಬೇಕು. ಎಷ್ಟೋ ಟಾರ್ಚಿನವರು ಅದನ್ನು ಹಾಕುವುದೇ ಇಲ್ಲ. ಕೆಲವು ಪೈಸೆ ಉಳಿಸಲು ಇಂಥ ಜಿಪುಣತನ! ಚಪ್ಪಟೆ ದೊಡ್ಡ ಪಿನ್ನಿನ ಹಳೆ ಕೇಬಲ್ಲಿನಲ್ಲಿ ಈ ವಿಚಾರಣೆ ಇಲ್ಲ. ಆ ಕೇಬಲ್ಲನ್ನು ಟಾರ್ಚಿನ ಜೊತೆಗೇ ಕಟ್ಟಿಡಿ.

ಹರಿದ ಕವರ್ ವಿಷಯ ಹಗುರ ಅಂದುಕೊಳ್ಳಬೇಡಿ, ಅದರಲ್ಲೂ ಮೇಲ್ಗಡೆ ಹರಿದಿದ್ದರೆ. ಸೆಲ್ಲಿನ ಲೋಹದ ಮೈ ಪೂರ್ತಿ ಮೈನಸ್. ಮೇಲೆ ಪ್ಲಸ್ ಗುಂಡಿಯ ಸುತ್ತ ಒಂದು ಕಾಗದದ ಬಳೆ ಇರುತ್ತದೆ ನೋಡಿ. ಅದರಾಚೆಗಿನ ಅಂಚೂ ಮೈನಸ್ಸೇ. ಪ್ಲಸ್‌ಗೂ ಮೈನಸ್‌ಗೂ ನಡುವೆ ಅಲ್ಲಿ ಒಂದೆರಡು ಮಿಲಿಮೀಟರ್ ಅಂತರ ಅಷ್ಟೇ. ಟಾರ್ಚಿನ ಸ್ಪ್ರಿಂಗ್ ಸ್ವಲ್ಪ ವಾಲಿ ಎರಡಕ್ಕೂ ತಾಗಿದರೆ ನೇರ ಶಾರ್ಟ್. ಟೇಪ್ ಬೇಡ, ಬಿಸಿಗೆ ಅಂಟು ಜಾರುತ್ತದೆ. 18650 ಅಳತೆಯ ಪಿವಿಸಿ ಕವರ್ ಬಿಡಿಯಾಗಿ ಸಿಗುತ್ತದೆ. ಹಳೆಯದನ್ನು ಉಗುರಿನಲ್ಲಿ ಬಿಡಿಸಿ ತೆಗೆದು, ಕಾಗದದ ಬಳೆ ಅದರ ಜಾಗದಲ್ಲೇ ಇದೆಯಾ ನೋಡಿ, ಹೊಸದು ತೊಡಿಸಿ, ಹೇರ್ ಡ್ರೈಯರ್ ದೂರದಿಂದ ಹಿಡಿದರೆ ಕುಗ್ಗಿ ಕೂರುತ್ತದೆ. ಬ್ಲೇಡ್ ಹಾಕಬೇಡಿ. ಬೆಂಕಿಯ ಶಾಖ ಅಂತೂ ಬೇಡವೇ ಬೇಡ.

ಎಸ್‌ಪಿ_ರೋಡ್_ಗಿರಾಕಿ

ಮೇಷ್ಟ್ರು ಹೇಳಿದ್ದರ ಜೊತೆಗೆ, ಜೇಬಿನಲ್ಲಿ ಬಿಡಿ ಸೆಲ್ ಮತ್ತು ಬೀಗದ ಕೈ ಒಟ್ಟಿಗೆ ಇಡಬೇಡಿ. ಮಳೆಗಾಲ ಕಳೆದ ಮೇಲೆ ಹೆಚ್ಚುವರಿ ಸೆಲ್‌ಗಳನ್ನು ಪೂರ್ತಿ ಚಾರ್ಜ್ ಮಾಡಿ ಇಡಬೇಡಿ. 3.7, 3.8 ವೋಲ್ಟಿನಲ್ಲಿ, ತಂಪಾದ ಜಾಗದಲ್ಲಿ ಇಟ್ಟರೆ ಜಾಸ್ತಿ ವರ್ಷ ಬಾಳುತ್ತವೆ. ಒಲೆಯ ಮೇಲಿನ ಅಟ್ಟ ಬೇಡ. ಗುಡುಗು ಶುರುವಾದರೆ ಚಾರ್ಜರ್ ಪ್ಲಗ್ ಕಿತ್ತುಬಿಡಿ, ಇದು ನಿಮಗೆ ಹೇಳಿಕೊಡಬೇಕಿಲ್ಲ ಬಿಡಿ.

ಅಡಿಕೆತೋಟ_ತೀರ್ಥಹಳ್ಳಿ

ಪಕ್ಕದ ಮನೆಯವರನ್ನು ಒಪ್ಪಿಸಿದೆ. ತಕ್ಕಡಿ ಮೇಲೆ ಎರಡು ಸೆಲ್ಲನ್ನೂ ಅವರ ಕೈಯಿಂದಲೇ ಇಡಿಸಿದೆ. ಈಗ ಅವರಿಗೆ ಆ 8800 ಎಲ್ಲಿ ಬಿಸಾಡುವುದು ಅಂತ ಚಿಂತೆ. ತಿಪ್ಪೆಗೆ ಹಾಕುತ್ತೇನೆ ಅಂದರು, ತಡೆದಿದ್ದೇನೆ.

ಎಸ್‌ಪಿ_ರೋಡ್_ಗಿರಾಕಿ

ತಡೆದದ್ದು ಒಳ್ಳೆಯದಾಯಿತು. ಯಾರೋ ಅಡಿಕೆ ಸಿಪ್ಪೆ ಜೊತೆ ಗುಡಿಸಿ ಬೆಂಕಿ ಕೊಟ್ಟರೆ ಸಿಡಿಯುತ್ತದೆ. ಲೈಟ್ ಉರಿಸಿ ಸೆಲ್ ಖಾಲಿ ಮಾಡಿ, ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಹಚ್ಚಿ, ಒಣಗಿದ ಡಬ್ಬಿಯಲ್ಲಿ ಹಾಕಿಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಏರ್ಪಾಡು ಮಾಡಬೇಕಾದವರು ತಯಾರಿಸುವವರು, ಆಮದು ಮಾಡುವವರು. ಶಿವಮೊಗ್ಗಕ್ಕೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರು ಯಾರು ಅಂತ ಪಾಲಿಕೆಯಲ್ಲಿ ವಿಚಾರಿಸಿ, ಅವರಿಗೇ ಕೊಡಿ. ಗುಜರಿಯವನಿಗೆ ಬೇಡ, ಅವನು ಸುತ್ತಿಗೆಯಲ್ಲಿ ಜಜ್ಜುತ್ತಾನೆ.